ನಮ್ಮ ಹಳೇ ಯುಟಿಎಂನ ಡಯಲ್ ವಾಪಸ್ ಕೊಡಿ

ಇವರಿಗೆ,
ವ್ಯವಸ್ಥಾಪಕರು, ಸರ್ವಿಸ್ ವಿಭಾಗ

ಇವರಿಂದ,
ಲ್ಯಾಬ್ ಉಸ್ತುವಾರಿ, ಮಟೀರಿಯಲ್ ಟೆಸ್ಟಿಂಗ್ ಲ್ಯಾಬ್,
ಡಿಪ್ಲೊಮಾ ಕಾಲೇಜು, ಹುಬ್ಬಳ್ಳಿ

ವಿಷಯ: 40 ಟನ್ ಯುಟಿಎಂಗೆ (ಸರಳನ್ನು ಎಳೆದು ಮುರಿದು ಅದರ ಬಲ ಅಳೆಯುವ ಯುನಿವರ್ಸಲ್ ಟೆಸ್ಟಿಂಗ್ ಮಷಿನ್‌ಗೆ) ಕಂಪ್ಯೂಟರ್ ಜೋಡಿಸಿದ ಕೆಲಸದಲ್ಲಿನ ತಪ್ಪುಗಳು ಮತ್ತು ಕೇಳದೆ ಒಯ್ದ ಡಯಲ್ ಬಗ್ಗೆ

ಮಾನ್ಯರೇ,

ಆಗಸ್ಟ್ ತಿಂಗಳಲ್ಲಿ ನಿಮ್ಮವರು ಬಂದು ನಮ್ಮ ಯುಟಿಎಂ ನವೀಕರಿಸಿ ಹೋದರು. ಅದರ ಬಗ್ಗೆ ಇದು ನನ್ನ ಮೂರನೇ ದೂರು. ಮೊದಲೆರಡು ಸಲ ಫೋನಿನಲ್ಲಿ ಹೇಳಿದ್ದೆ. ಎರಡೂ ಸಲ "ಸಾಫ್ಟ್‌ವೇರ್ ಅಪ್‌ಡೇಟ್ ಕಳಿಸ್ತೀವಿ ಸರ್" ಅಂದಿರಿ. ಅಪ್‌ಡೇಟ್ ಬಂತು. ಪರದೆಯ ಬಣ್ಣ ನೀಲಿ ಇದ್ದದ್ದು ಹಸಿರಾಯಿತು. ತಪ್ಪು ಮಾತ್ರ ಹಾಗೇ ಇದೆ. ಅದಕ್ಕೇ ಈಗ ಲಿಖಿತವಾಗಿ ಕೊಡುತ್ತಿದ್ದೇನೆ.

ಈ ಯಂತ್ರ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಫೌಂಡ್ರಿ ಮುಚ್ಚುವಾಗ ನಮಗೆ ಬಂದದ್ದು. ಹಳೇ ಕಾಲದ ಹೈಡ್ರಾಲಿಕ್ ಯಂತ್ರ. ಎಣ್ಣೆಯ ಒತ್ತಡ ರ‍್ಯಾಮ್ ಅನ್ನುವ ದಪ್ಪ ಪಿಸ್ಟನ್ನನ್ನು ಮೇಲೆ ತಳ್ಳಿ ಸರಳನ್ನು ಎಳೆಯುತ್ತದೆ. ಅದೇ ಒತ್ತಡ ಒಂದು ಲೋಲಕವನ್ನೂ ಎತ್ತುತ್ತದೆ, ಲೋಲಕ ಡಯಲ್‌ನ ಮುಳ್ಳನ್ನು ತಿರುಗಿಸುತ್ತದೆ. ಲೋಲಕಕ್ಕೆ ತೂಕದ ಬಿಲ್ಲೆ ಹಾಕಿ ತೆಗೆದು ರೇಂಜ್ ಬದಲಿಸಬಹುದು. ನಾವು ನಿಮ್ಮನ್ನು ಕರೆದದ್ದು ಅದು ಕೆಟ್ಟಿತ್ತು ಅಂತ ಅಲ್ಲ. ಮಕ್ಕಳು ನಾಳೆ ಕೆಲಸಕ್ಕೆ ಹೋಗುವ ಕಡೆ ಕಂಪ್ಯೂಟರ್ ಇರುತ್ತದೆ, ಇಲ್ಲೇ ಕಲಿಯಲಿ ಅಂತ. ವರ್ಕ್ ಆರ್ಡರಿನಲ್ಲಿ ಸ್ಪಷ್ಟವಾಗಿ ಬರೆದಿದ್ದೇವೆ: ಡಯಲ್ ಇದ್ದ ಹಾಗೇ ಇರಬೇಕು, ಪಕ್ಕದಲ್ಲಿ ಸೆನ್ಸರ್ ಮತ್ತು ಪರದೆ ಬರಬೇಕು.

ಈಗ ಲೆಕ್ಕಕ್ಕೆ ಬರುತ್ತೇನೆ. 12 ಮಿಲಿಮೀಟರಿನ ಸಾದಾ ಮೈಲ್ಡ್ ಸ್ಟೀಲ್ ಸರಳು ನಮ್ಮ ಡಯಲ್‌ನಲ್ಲಿ ಯಾವಾಗಲೂ 47ರಿಂದ 49 ಕಿಲೋನ್ಯೂಟನ್ ಒಳಗೆ ಮುರಿಯುತ್ತಿತ್ತು. ನಿಮ್ಮ ಪರದೆ 53.2 ತೋರಿಸಿತು. ಸರಳೇ ಗಟ್ಟಿ ಇರಬಹುದು ಅಂದುಕೊಂಡೆ. ಅದೇ ಸರಳಿನ ಇನ್ನೊಂದು ತುಂಡು ಕತ್ತರಿಸಿ, ಬ್ಯಾಗಿನಲ್ಲಿ ಹಾಕಿಕೊಂಡು ಧಾರವಾಡದ ಇನ್ನೊಂದು ಕಾಲೇಜಿಗೆ ಒಯ್ದೆ. ಅಲ್ಲಿ 48.1 ಬಂತು. ಆಮೇಲೆ 20 ಮಿಲಿಮೀಟರಿನ ಸರಳು ನೋಡಿದೆವು. ಅಲ್ಲಿ 134.6, ನಮ್ಮಲ್ಲಿ 139.8.

ವ್ಯತ್ಯಾಸ ನೋಡಿ. ಒಂದರಲ್ಲಿ 5.1, ಇನ್ನೊಂದರಲ್ಲಿ 5.2. ಲೋಡ್ ಸುಮಾರು ಮೂರು ಪಟ್ಟು ಆದರೂ ತಪ್ಪು ಬೆಳೆಯಲಿಲ್ಲ. ಅಂದರೆ ಸೆನ್ಸರ್ ಸರಿಯಾಗೇ ಇದೆ, ಸೊನ್ನೆ ತಪ್ಪಿದೆ. ಇದನ್ನು ಹಿಡಿದದ್ದು ನಾನಲ್ಲ, ನಮ್ಮ ಅಟೆಂಡರ್ ಕಾಕಾ. ಇಪ್ಪತ್ತು ವರ್ಷದಿಂದ ಆ ಯಂತ್ರದ ವಾಲ್ವ್ ತಿರುಗಿಸಿದವರು. ಒಂದು ದಿನ ಸುಮ್ನೆ ಪಕ್ಕದಲ್ಲಿ ನಿಂತು ನೋಡಿ ಹೇಳಿದರು: "ಸರ, ಇದು ಸುಳ್ಳು ಹೇಳಾಕತ್ತೈತ್ರಿ. ಮೊದಲ ರ‍್ಯಾಮ್ ಒಂಚೂರು ಮ್ಯಾಲೆ ಎತ್ತಬೇಕು, ಆಮ್ಯಾಲೆ ಸೊನ್ನಿ ಮಾಡಬೇಕು. ಇವರು ಕುಂತಾಗನ ಸೊನ್ನಿ ಮಾಡ್ಯಾರ."

ಅಷ್ಟೇ ವಿಷಯ. ರ‍್ಯಾಮ್, ಅದರ ಮೇಲಿನ ಟೇಬಲ್, ಕಂಬಗಳು, ಮೇಲಿನ ಕ್ರಾಸ್‌ಹೆಡ್ ಎಲ್ಲ ಸೇರಿ ಐದು ಕ್ವಿಂಟಲ್‌ಗಿಂತ ಜಾಸ್ತಿ ತೂಕ, ಅಂದರೆ ಅದೇ ಐದು ಚಿಲ್ಲರೆ ಕಿಲೋನ್ಯೂಟನ್. ರ‍್ಯಾಮ್ ಕೆಳಗೆ ಕೂತಾಗ ಆ ಭಾರ ಎಣ್ಣೆಯ ಮೇಲೆ ಬೀಳುವುದಿಲ್ಲ. ಎದ್ದ ಕೂಡಲೇ ಬೀಳುತ್ತದೆ. ನಿಮ್ಮ ಸಾಫ್ಟ್‌ವೇರ್ ಆನ್ ಆದ ತಕ್ಷಣ, ರ‍್ಯಾಮ್ ಕೂತಿರುವಾಗಲೇ, ತಾನಾಗಿ ಸೊನ್ನೆ ಮಾಡಿಕೊಳ್ಳುತ್ತದೆ. ಆಮೇಲೆ ಯಂತ್ರದ ಸ್ವಂತ ತೂಕವನ್ನೂ ಸರಳಿನ ಲೆಕ್ಕಕ್ಕೆ ಹಾಕುತ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲದ ತೂಕ ಕಳೆಯದೆ ಮೆಣಸಿನಕಾಯಿ ತೂಗಿದರೆ ಜನ ಸುಮ್ನೆ ಬಿಡುತ್ತಾರಾ?

ಸರಿ, ರ‍್ಯಾಮ್ ಎತ್ತಿ ನಾವೇ ಸೊನ್ನೆ ಮಾಡೋಣ ಅಂದರೆ ಆ ಬಟನ್‌ಗೆ ಪಾಸ್‌ವರ್ಡ್ ಇದೆ. ಪಾಸ್‌ವರ್ಡ್ ನಿಮ್ಮ ಇಂಜಿನಿಯರ್ ಹತ್ತಿರ ಇದೆ. ಅವರಿಗೆ ಫೋನ್ ಮಾಡಿದರೆ ವಿಸಿಟ್ ಚಾರ್ಜ್ ಹೇಳುತ್ತಾರೆ. ತಕ್ಕಡಿ ನಮ್ಮದು, ಸೊನ್ನೆ ನಿಮ್ಮದು. ಇದು ಯಾವ ನ್ಯಾಯ?

ಐದು ಕಿಲೋನ್ಯೂಟನ್ ಏನು ಮಹಾ ಅಂತ ನಿಮ್ಮ ಹುಡುಗ ಫೋನಿನಲ್ಲಿ ಕೇಳಿದ. 400 ಕಿಲೋನ್ಯೂಟನ್ ಯಂತ್ರಕ್ಕೆ ಅದು ಸಣ್ಣದೇ. ಆದರೆ 8 ಮಿಲಿಮೀಟರಿನ ಟಿಎಂಟಿ ಸರಳು ತೆಗೆದುಕೊಳ್ಳಿ. ಅದರ ಅಡ್ಡಕೊಯ್ತ 50.3 ಚದರ ಮಿಲಿಮೀಟರ್. ಕಾಂಕ್ರೀಟಿಗೆ ಹಾಕುವ ಸರಳುಗಳ ಭಾರತೀಯ ಮಾನಕ ಐಎಸ್ 1786 ಪ್ರಕಾರ ಎಫ್‌ಇ 500 ಸರಳು (ಚದರ ಮಿಲಿಮೀಟರಿಗೆ 500 ನ್ಯೂಟನ್ ತಡೆಯುವ ದರ್ಜೆ) ಕಡಿಮೆ ಅಂದರೂ 25.1 ಕಿಲೋನ್ಯೂಟನ್ ತನಕ ಜಗ್ಗಿಕೊಳ್ಳದೆ ತಡೆಯಬೇಕು. 415 ದರ್ಜೆಯ ಸರಳು ಸುಮಾರು 20.9ಕ್ಕೇ ಸೋಲುತ್ತದೆ. ನಿಮ್ಮ ಪರದೆ ಅದಕ್ಕೆ ಐದು ಸೇರಿಸಿ 26 ಅನ್ನುತ್ತದೆ. ಕಡಿಮೆ ದರ್ಜೆಯ ಸರಳು ಪಾಸ್! 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಜನ ಸತ್ತರು. ಅದನ್ನು ಕಣ್ಣಾರೆ ನೋಡಿದ ಮನೆಗಳ ಮಕ್ಕಳು ನಮ್ಮ ಸಿವಿಲ್ ಕ್ಲಾಸಿನಲ್ಲಿ ಕೂತಿದ್ದಾರೆ. ಅವರ ಮುಂದೆ ನಾನು "ಇರಲಿ ಬಿಡ್ರೋ, ಐದೇ ತಾನೇ" ಅನ್ನಲಾ?

ಎರಡನೆಯದು ಹಿಗ್ಗುವಿಕೆಯ ಅಳತೆ. ಸರಳಿಗೆ ಹಿಡಿಸುವ ಎಕ್ಸ್‌ಟೆನ್ಸೊಮೀಟರ್ ಕೊಡುತ್ತೇವೆ ಅಂತ ಕೊಟೇಶನ್‌ನಲ್ಲಿ ಬರೆದಿದ್ದಿರಿ. ಬಂದದ್ದು ಟೇಬಲ್ ಓಡಾಟ ಅಳೆಯುವ ಎನ್‌ಕೋಡರ್ ಮಾತ್ರ. ಅದು ಸರಳಿನ ಹಿಗ್ಗುವಿಕೆಯ ಜೊತೆ ಸರಳನ್ನು ಕಚ್ಚಿ ಹಿಡಿಯುವ ಸವೆದ ದವಡೆಗಳ ಜಾರಾಟವನ್ನೂ, ಕಂಬಗಳ ಬಾಗಾಟವನ್ನೂ ಸೇರಿಸಿಕೊಳ್ಳುತ್ತದೆ. ಯಂಗ್ಸ್ ಮಾಡ್ಯುಲಸ್, ಅಂದರೆ ಲೋಹ ಹಿಗ್ಗದೆ ಎಷ್ಟು ಬಿಗಿಯಾಗಿರುತ್ತದೆ ಅನ್ನುವ ಅಳತೆ, ಸ್ಟೀಲಿಗೆ ಸುಮಾರು 2 ಲಕ್ಷ ಬರಬೇಕು, ಚದರ ಮಿಲಿಮೀಟರಿಗೆ ನ್ಯೂಟನ್ ಲೆಕ್ಕದಲ್ಲಿ. ನಿಮ್ಮ ಗ್ರಾಫ್ ಇಟ್ಟುಕೊಂಡು ಮಕ್ಕಳಿಗೆ ಬಂದದ್ದು 26 ಸಾವಿರ. ಅಲ್ಯುಮಿನಿಯಮ್‌ಗೇ 70 ಸಾವಿರ ಇರುತ್ತದೆ. ಒಬ್ಬ ಹುಡುಗಿ ಎದ್ದು ನಿಂತು "ಸರ್, ನಮ್ಮ ಕಬ್ಬಿಣ ಅಲ್ಯುಮಿನಿಯಮ್‌ಕಿಂತ ಮೆತ್ತಗೈತೇನ್ರಿ?" ಅಂದಳು. ಕ್ಲಾಸ್ ನಕ್ಕಿತು. ನಾನೂ ನಕ್ಕೆ, ಅದು ಬೇರೆ ಮಾತು.

ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೀವು ಕೊಟ್ಟದ್ದು ಸೆನ್ಸರಿನದು, ನಿಮ್ಮ ಅಂಗಡಿಯಲ್ಲೇ ಮಾಡಿದ್ದು. ಇಂಥ ಯಂತ್ರಗಳ ಅಳತೆ ತಾಳೆ ನೋಡುವ ಭಾರತೀಯ ಮಾನಕ ಐಎಸ್ 1828 ಕೇಳುವುದು ಇಡೀ ಯಂತ್ರದ್ದು, ಅದು ನಿಂತ ಜಾಗದಲ್ಲೇ. ಕ್ಲಾಸ್ 1 ಅಂದರೆ ತಪ್ಪು ಒಂದು ಪರ್ಸೆಂಟ್ ದಾಟಬಾರದು. 12 ಮಿಲಿಮೀಟರ್ ಸರಳಿನಲ್ಲಿ ನಮ್ಮದು ಹತ್ತು ದಾಟಿದೆ.

ಇನ್ನು ಡಯಲ್. ಕೊನೆಯ ದಿನ ನಿಮ್ಮ ಹುಡುಗರಿಗೆ ರಾತ್ರಿ ರೈಲಿಗೆ ಹೋಗುವ ಅವಸರ ಇತ್ತು. ನಾನು ಪ್ರಿನ್ಸಿಪಾಲರ ಮೀಟಿಂಗಿನಲ್ಲಿದ್ದೆ. ಹೊರಗೆ ಬಂದು ನೋಡಿದರೆ ಡಯಲ್ ಇಲ್ಲ, ಲೋಲಕ ಇಲ್ಲ, ತೂಕದ ಬಿಲ್ಲೆಗಳೂ ಇಲ್ಲ. ಗೋಡೆಯ ಮೇಲೆ ದುಂಡಗೆ ಒಂದು ಬಿಳಿ ಕಲೆ. ಕೇಳಿದರೆ "ಸ್ಕ್ರ್ಯಾಪ್ ಸರ್" ಅಂದರು.

ನಿಮಗೆ ಸ್ಕ್ರ್ಯಾಪ್ ಇರಬಹುದು. ಆ ಡಯಲ್‌ನಲ್ಲಿ ಎರಡು ಮುಳ್ಳು ಇದ್ದವು, ಕಪ್ಪು ಮತ್ತು ಕೆಂಪು. ಲೋಡ್ ಏರಿದಂತೆ ಕಪ್ಪು ಮುಳ್ಳು ಕೆಂಪನ್ನು ತಳ್ಳಿಕೊಂಡು ಹೋಗುತ್ತದೆ. ಸರಳು ಜಗ್ಗಲು ಶುರುವಾದ ಕ್ಷಣ ಕಪ್ಪು ಮುಳ್ಳು ನಿಂತುಬಿಡುತ್ತದೆ, ಸ್ವಲ್ಪ ಹಿಂದೆ ಬರುತ್ತದೆ, ನಡುಗುತ್ತದೆ. ಪಂಪ್ ಓಡುತ್ತಲೇ ಇದೆ, ಮುಳ್ಳು ಮಾತ್ರ ಮುಂದೆ ಹೋಗುತ್ತಿಲ್ಲ. ನಲವತ್ತು ಮಕ್ಕಳು ಒಟ್ಟಿಗೆ "ಸೋತ್ ನೋಡ್ರಿ!" ಅಂತ ಕೂಗುತ್ತಿದ್ದರು. ಯೀಲ್ಡ್ ಪಾಯಿಂಟ್ ಅಂದರೆ ಏನು ಅಂತ ಆಮೇಲೆ ಬೋರ್ಡ್ ಮೇಲೆ ಬರೆಯುವ ಅಗತ್ಯವೇ ಇರಲಿಲ್ಲ. ಕಪ್ಪು ಮುಳ್ಳು ವಾಪಸ್ ಬಂದರೂ ಕೆಂಪು ಮುಳ್ಳು ಗರಿಷ್ಠ ಲೋಡ್ ತೋರಿಸುತ್ತಾ ಅಲ್ಲೇ ನಿಲ್ಲುತ್ತಿತ್ತು. ನಿಮ್ಮ ಪರದೆಯಲ್ಲಿ ಗೆರೆ ಸೀದಾ ಏರುತ್ತದೆ, ಆ ಸಣ್ಣ ಕುಸಿತ ಕಾಣುವುದೇ ಇಲ್ಲ. ಸರಳು ಮುರಿದ ಮೇಲೆ ಪ್ರಿಂಟರ್‌ನಿಂದ ಒಂದು ರಿಪೋರ್ಟ್ ಹಾಳೆ ಬರುತ್ತದೆ. ಅಂಕಿಗಳನ್ನು ಎಕ್ಸೆಲ್‌ಗೆ ತೆಗೆದುಕೊಳ್ಳಲೂ ಆಗುವುದಿಲ್ಲ, ಅದಕ್ಕೆ ಬೇರೆ ಲೈಸೆನ್ಸ್ ಅಂತೆ. ಕಾರ್ಖಾನೆಗೆ ರಿಪೋರ್ಟ್ ಸಾಕು. ನಮಗೆ ರಿಪೋರ್ಟ್ ಹೇಗೆ ಬಂತು ಅನ್ನುವುದೇ ಪಾಠ, ಅಲ್ವಾ?

ಒಟ್ಟು ಬಿಲ್ 3,85,000 ರೂಪಾಯಿ. ಅದರಲ್ಲಿ 3,46,500 ಕೊಟ್ಟಾಗಿದೆ. ಉಳಿದ 38,500 ರೂಪಾಯಿಗೆ ನಿಮ್ಮ ಅಕೌಂಟ್ಸ್‌ನವರು ವಾರಕ್ಕೊಂದು ಮೇಲ್ ಹಾಕುತ್ತಾರೆ. ಸರ್ವಿಸ್ ವಿಭಾಗಕ್ಕೆ ಆ ಚುರುಕು ಇದ್ದಿದ್ದರೆ ಈ ಪತ್ರ ಬೇಕಿರಲಿಲ್ಲ. ಸೊನ್ನೆಯ ಬಟನ್ ನಮ್ಮ ಕೈಗೆ ಬರುವ ತನಕ, ಎಕ್ಸ್‌ಟೆನ್ಸೊಮೀಟರ್ ತಲುಪುವ ತನಕ, ಮಾನ್ಯತೆ ಇರುವ ಲ್ಯಾಬಿನವರು ಇಲ್ಲಿಗೇ ಬಂದು ನಿಮ್ಮ ಖರ್ಚಿನಲ್ಲಿ ಕ್ಯಾಲಿಬ್ರೇಷನ್ ಮಾಡುವ ತನಕ ಆ ಹಣ ಬಿಡುಗಡೆ ಆಗುವುದಿಲ್ಲ. ಪ್ರಿನ್ಸಿಪಾಲರ ಸಹಿ ಇರುವ ಟಿಪ್ಪಣಿ ಜೊತೆಗಿದೆ. ಈ ಪತ್ರ ತಲುಪಿದ 15 ದಿನದೊಳಗೆ ಯಾರೂ ಬರದಿದ್ದರೆ ಇದೇ ಕಾಗದಗಳನ್ನು ಹಿಡಿದು ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ.

ಡಯಲ್ ಮಾರಿಬಿಟ್ಟಿದ್ದರೆ ಯಾವ ಗುಜರಿಗೆ ಅಂತ ತಿಳಿಸಿ, ನಾವೇ ಹೋಗಿ ಹುಡುಕುತ್ತೇವೆ. ಇನ್ನೂ ನಿಮ್ಮಲ್ಲೇ ಇದ್ದರೆ ಬರುವಾಗ ತೂಕದ ಬಿಲ್ಲೆಗಳ ಸಮೇತ ತನ್ನಿ. ಜೋಡಿಸುವ ಕೆಲಸ ಕಾಕಾ ಮಾಡಿಕೊಳ್ಳುತ್ತಾರಂತೆ. ನಿಮ್ಮವರು ಮುಟ್ಟುವುದು ಬೇಡ ಅಂದಿದ್ದಾರೆ.

ತಮ್ಮ ವಿಶ್ವಾಸಿ,
ಲ್ಯಾಬ್ ಉಸ್ತುವಾರಿ

ಲಗತ್ತು: ವರ್ಕ್ ಆರ್ಡರ್ ಪ್ರತಿ, ಎರಡೂ ಕಾಲೇಜುಗಳ ಟೆಸ್ಟ್ ಹಾಳೆಗಳು, ಪ್ರಿನ್ಸಿಪಾಲರ ಟಿಪ್ಪಣಿ, ಗೋಡೆಯ ಕಲೆಯ ಒಂದು ಫೋಟೊ