ಮೊದಲು ಒತ್ತಕ್ಷರ ನೋಡು

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಹೊಸ ಟ್ಯಾಬ್ಲೆಟ್ ಕೊಂಡಿದ್ದೀಯೆ, ಪುಸ್ತಕ ಓದಲು ಯಾವ ಆ್ಯಪ್ ಹಾಕಿಕೊಳ್ಳಲಿ ಎಂದು ಕೇಳಿದ್ದೀಯೆ. ಮೂವತ್ತು ವರ್ಷ ಅಚ್ಚುಮನೆಯಲ್ಲಿ ಕರಡು ತಿದ್ದಿದವನನ್ನು ಕೇಳಿದರೆ ಇನ್ನೇನು ಹೇಳಿಯಾನು? ಮೊದಲು ಒತ್ತಕ್ಷರ ನೋಡು. ಐದು ನಕ್ಷತ್ರ ಕೊಟ್ಟವರಲ್ಲಿ ಕನ್ನಡ ಪುಟ ತೆರೆದವರು ಎಷ್ಟು ಮಂದಿಯೋ! ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’ದಂತಹ ಪದಗಳಿರುವ ಪುಟವೊಂದನ್ನು ತೆರೆ. ಒತ್ತುಗಳು ತಮ್ಮ ತಮ್ಮ ಅಕ್ಷರದ ಅಡಿಯಲ್ಲಿ ಕೂತಿವೆಯೋ, ಬಿಡಿಬಿಡಿಯಾಗಿ ಸಾಲುಗಟ್ಟಿ ನಿಂತಿವೆಯೋ ನೋಡು. ‘ರ‍್ಯಾಂಕ್’ ಎಂಬುದು ಅರ್ಕಾವೊತ್ತು ಹೊತ್ತು ‘ರ್ಯಾಂಕ್’ ಆಗಿದ್ದರೆ, ನಡುವೆ ಇರಬೇಕಾದ, ಕಣ್ಣಿಗೆ ಕಾಣದ ಯೂನಿಕೋಡ್ ಸಂಕೇತ ಕಳೆದುಹೋಗಿದೆ ಎಂದು ತಿಳಿ. ಟೈಪು ಮಾಡಿದವರು ಬಿಟ್ಟಿರಬಹುದು, ಆ್ಯಪ್ ನುಂಗಿರಲೂಬಹುದು. ಅದೇ ಕಡತವನ್ನು ಇನ್ನೊಂದು ಆ್ಯಪ್‌ನಲ್ಲಿ ತೆರೆದರೆ ಕಳ್ಳ ಯಾರೆಂದು ಗೊತ್ತಾಗುತ್ತದೆ.

ಆಮೇಲೆ ಸಾಲುಗಳ ಅಂತರ ಹೆಚ್ಚಿಸಲು ಬರುತ್ತದೆಯೇ ಎಂದು ನೋಡು. ಇಂಗ್ಲಿಷಿಗೆ ಸಾಕಾಗುವ ಅಂತರದಲ್ಲಿ ನಮ್ಮ ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುತ್ತವೆ. ಎಡ ಅಂಚನ್ನು ಮಾತ್ರ ಸಮ ಇಡಲು ಬಿಡಬೇಕು. ವಿಭಕ್ತಿ, ಸಂಧಿ ಸೇರಿ ನಮ್ಮ ಪದಗಳು ಉದ್ದ. ಫೋನಿನ ಅಗಲದಲ್ಲಿ ಎರಡೂ ಅಂಚು ಸಮ ಮಾಡಿದರೆ ಪದಗಳ ನಡುವೆ ಎಮ್ಮೆ ನುಗ್ಗುವಷ್ಟು ಸಂದು.

ಇಪಬ್ ಕಡತಗಳಿಗೆ, ಅಂದರೆ ತೆರೆಯ ಅಗಲಕ್ಕೆ ತಕ್ಕಂತೆ ಸಾಲುಗಳು ಹೊಂದಿಕೊಳ್ಳುವ ಇ-ಪುಸ್ತಕಗಳಿಗೆ, ನಾನು ಬಳಸುವುದು ರೀಡ್‌ಎರಾ. ಖಾತೆ ಕೇಳುವುದಿಲ್ಲ, ಜಾಹೀರಾತಿಲ್ಲ. ಉಚಿತ ಜಾಲ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ನಿಂದ ವಚನಗಳನ್ನು ಇಪಬ್ ಆಗಿಯೇ ಇಳಿಸಿಕೊಳ್ಳಬಹುದು. ಫೋನಿನಲ್ಲಿ ನಿಲ್ಲಿಸಿದ ಪುಟ ಟ್ಯಾಬ್ಲೆಟ್‌ನಲ್ಲಿ ತೆರೆಯಬೇಕೆಂದರೆ ಗೂಗಲ್ ಪ್ಲೇ ಬುಕ್ಸ್ ವಾಸಿ. ನಿನ್ನದೇ ಇಪಬ್, ಪಿಡಿಎಫ್‌ಗಳನ್ನೂ ಅದಕ್ಕೆ ಏರಿಸಬಹುದು.

ಇನ್ನೊಂದು ಜಾಲ ಗ್ರಂಥಾಲಯವಾದ ಇಂಟರ್ನೆಟ್ ಆರ್ಕೈವ್‌ನ ಹಳೆಯ ಪುಸ್ತಕಗಳ ಕಥೆ ಬೇರೆ. ಅವು ಸ್ಕ್ಯಾನ್ ಮಾಡಿದ ಚಿತ್ರಗಳು, ಅಕ್ಷರ ದೊಡ್ಡದಾಗಿಸುವ ಗುಂಡಿ ಅಲ್ಲಿ ನಡೆಯದು. ಡೆಮಿ 1/8 ಪುಟವನ್ನು, ಅಂದರೆ ಸಾಮಾನ್ಯ ಪುಸ್ತಕದ ಅಳತೆಯ ಪುಟವನ್ನು, ಫೋನಿನಲ್ಲಿ ಓದುವ ಸಾಹಸ ಬೇಡ, ಟ್ಯಾಬ್ಲೆಟ್ ಇರುವುದೇ ಅದಕ್ಕೆ. ಅಂಚಿನ ಖಾಲಿ ಜಾಗ ಕತ್ತರಿಸಿ ತೋರಿಸುವ ಲಿಬ್ರೆರಾ ಅಥವಾ ಕೆಒರೀಡರ್ ಹಾಕಿಕೋ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಪಿಡಿಎಫ್ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಪದ ಹುಡುಕಲು ಹೋದರೆ ಏನೂ ಸಿಗುವುದಿಲ್ಲ. ಒಳಗಿರುವುದು ರೋಮನ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ವೇಷ. ಓದಿ ಹೇಳು ಎಂದರೂ ಬಡಬಡಿಸುತ್ತದೆ. ಅದಕ್ಕೆ ಆ್ಯಪನ್ನು ಬೈಯಬೇಡ.

ದುಡ್ಡು ಕೊಟ್ಟು ಕೊಳ್ಳುವ ಮುಂಚೆ ಒಂದು ಮಾತು. 2016ರಲ್ಲಿ ಅಮೆಜಾನ್ ಕಂಪನಿಯ ಕಿಂಡಲ್ ಇ-ಪುಸ್ತಕದ ಅಂಗಡಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳು ಬಂದವು, ನಮ್ಮನ್ನು ಹೊರಗೇ ನಿಲ್ಲಿಸಿದರು. ನನಗೆ ಆ ಸಿಟ್ಟು ಇನ್ನೂ ಇದೆ. ಹೊಸ ಕನ್ನಡ ಪುಸ್ತಕಗಳಿಗೆ ಮೈಲ್ಯಾಂಗ್ ಎಂಬ ಇ-ಪುಸ್ತಕದ ಆ್ಯಪ್ ನೋಡು. ಆದರೆ ಯಾವ ಅಂಗಡಿಯ ಬೀಗ ಹಾಕಿದ, ಅಂದರೆ ಅದರದೇ ಆ್ಯಪಿನಲ್ಲಿ ಮಾತ್ರ ತೆರೆಯುವ, ಪುಸ್ತಕವನ್ನೂ ನಿನ್ನ ಕಪಾಟಿನದೆಂದು ನಂಬಬೇಡ. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಹಣವನ್ನೇನೋ ಮರಳಿಸಿತು, ಕೊಂಡವರ ಪುಸ್ತಕಗಳು ಮಾತ್ರ ಮಾಯವಾದವು. ಮತ್ತೆ ಮತ್ತೆ ಓದುವಂಥದ್ದನ್ನು ಕಾಗದದಲ್ಲೇ ಕೊಳ್ಳು, ದುಡ್ಡು ಬೇಕಾದರೆ ನಾನು ಕೊಡುತ್ತೇನೆ.

ನಿನ್ನ ಅಜ್ಜಿ ಅಡುಗೆಯ ಲೆಕ್ಕ ಬರೆದಿಟ್ಟಿದ್ದ ನೋಟುಬುಕ್ಕನ್ನು ಸ್ಕ್ಯಾನ್ ಮಾಡಿ ಕಳಿಸಿದ್ದೇನೆ. ಹುಳಿಪುಡಿಯ ಪುಟ ತಲೆಕೆಳಗಾಗಿದೆ, ತಿರುಗಿಸಿಕೋ.

ಇಂತಿ,
ನಿನ್ನ ದೊಡ್ಡಪ್ಪ