ಮೀಟರ್ ನೋಡಿ ಮೋಸ ಹೋಗಬೇಡ

ಕಲಬುರಗಿ

ಚಿ. ಸಿದ್ದೂಗೆ ಕಾಕಾನ ಆಶೀರ್ವಾದ.

ಉದ್ದದ ಫೈಬರ್ ಲಿಂಕ್, ರಿಸೀವರ್‌ಗೆ ಬೆಳಕು ಸಾಲುತ್ತಿಲ್ಲ, ಅದರ ಮುಂದೆ ಒಂದು ಇಡಿಎಫ್‌ಎ, ಅಂದರೆ ಎರ್ಬಿಯಂ ಬೆರೆಸಿದ ಫೈಬರಿನಲ್ಲಿ ಬೆಳಕನ್ನು ಹಿಗ್ಗಿಸೋ ಆಂಪ್ಲಿಫೈಯರ್, ಕೂಡಿಸ್ತೀನಿ ಅಂತ ಫೋನಿನಲ್ಲಿ ಹೇಳಿದೆಯಲ್ಲ. ಕೂಡಿಸು, ಬೇಡ ಅನ್ನಲ್ಲ. ಅದರ ಗುಣ ಮಾತ್ರ ಮೊದಲು ತಿಳ್ಕೋ.

ಲೆಕ್ಕಕ್ಕೆ 100 ಕಿಲೋಮೀಟರ್ ಅಂದುಕೋ, ಇಲ್ಲಿಂದ ಬೀದರಿಗಿಂತ ಚೂರು ಕಡಿಮೆ. 1550 ನ್ಯಾನೋಮೀಟರ್ ಬೆಳಕು ಕಿಲೋಮೀಟರಿಗೆ ಸುಮಾರು 0.2 ಡಿಬಿ (ಡೆಸಿಬೆಲ್) ಕಳ್ಕೊಳ್ಳುತ್ತೆ. ಒಟ್ಟು 20 ಡಿಬಿ. ಅಂದರೆ ನೂರು ಪಾಲು ಕಳಿಸಿದರೆ ಮುಟ್ಟೋದು ಒಂದೇ ಪಾಲು. ಜಾಯಿಂಟ್‌ಗಳಲ್ಲಿ ಹೋಗೋದು ಬೇರೆ. ಅಷ್ಟು ಸಣ್ಣ ಬೆಳಕನ್ನು ರಿಸೀವರಿನೊಳಗಿನ ಡಯೋಡ್ ಕರೆಂಟ್ ಮಾಡಿದರೆ, ರಿಸೀವರ್ ಸರ್ಕ್ಯೂಟಿನ ಶಾಖದ ನಾಯ್ಸ್ ಅದನ್ನು ನುಂಗಿಬಿಡುತ್ತೆ. ಬೆಳಕು ಬೆಳಕಾಗಿರುವಾಗಲೇ ಹಿಗ್ಗಿಸಿದರೆ ಆ ನಾಯ್ಸ್ ಲೆಕ್ಕಕ್ಕೇ ಬರಲ್ಲ. ರಿಸೀವರ್ ಮುಂದೆ ಹೀಗೆ ಪ್ರೀಆಂಪ್ಲಿಫೈಯರ್ ಇಡೋದು ಇದಕ್ಕೇ.

ಆದರೆ ಎರ್ಬಿಯಂ ಪುಕ್ಕಟೆ ಏನೂ ಕೊಡಲ್ಲ. 980 ನ್ಯಾನೋಮೀಟರಿನ ಪಂಪ್ ಲೇಸರ್ ಬಡಿದೆಬ್ಬಿಸಿದ ಎರ್ಬಿಯಂ ಅಯಾನುಗಳಲ್ಲಿ ಕೆಲವು, ಸಿಗ್ನಲ್ ಕೇಳದಿದ್ದರೂ ತಾವಾಗೇ ಬೆಳಕು ಬಿಡುತ್ತವೆ. ಅದೂ ಹಿಗ್ಗಿ ಬರುತ್ತೆ. ಅದೇ ಎಎಸ್‌ಇ ಅನ್ನೋ ನಾಯ್ಸ್. ಶರಣಬಸವೇಶ್ವರ ಜಾತ್ರೆಯಲ್ಲಿ ಮೈಕಿನವನು ವಾಲ್ಯೂಮ್ ಏರಿಸಿದಾಗ ಮಾತಿನ ಜೊತೆ ಕುಂಯ್ ಅನ್ನೋದೂ ಏರುತ್ತಲ್ವಾ, ಹಾಗೆ. ಗೇನ್, ಅಂದರೆ ಹಿಗ್ಗಿಸೋ ಪ್ರಮಾಣ, ಜಾಸ್ತಿ ಇಟ್ಟಾಗ ನಾಯ್ಸ್ ಫಿಗರ್ (ನಾಯ್ಸ್‌ಗೆ ಹೋಲಿಸಿದರೆ ಸಿಗ್ನಲ್ ಎಷ್ಟು ಕೆಡುತ್ತೆ ಅನ್ನೋ ಅಳತೆ) 3 ಡಿಬಿಗಿಂತ ಕೆಳಗೆ ಇಳಿಯಲ್ಲ, ಎಷ್ಟೇ ದುಡ್ಡು ಸುರಿ. ಅದಕ್ಕೇ ಆಂಪ್ಲಿಫೈಯರ್‌ಗೂ ಡಯೋಡಿಗೂ ನಡುವೆ, ನಿನ್ನ ಚಾನಲ್‌ನಷ್ಟೇ ಬಿಡುವ ಫಿಲ್ಟರ್ ಹಾಕು.

ನನ್ನ ಪೆದ್ದುತನ ಒಂದು ಹೇಳ್ತೀನಿ, ನಗಬೇಡ. ಒಂದು ಬೇಸಿಗೆ, ಎರಡು ದಿನ ಒಂದು ಲಿಂಕಿನಲ್ಲಿ ಎರರ್ ಮೇಲೆ ಎರರ್. ಆಂಪ್ಲಿಫೈಯರ್ ಔಟ್‌ಪುಟ್‌ಗೆ ಪವರ್ ಮೀಟರ್ ಹಚ್ಚಿದರೆ ಬೆಳಕು ಭರ್ತಿ! ಬಾಕ್ಸ್ ಇದ್ದದ್ದು ಔಟ್‌ಪುಟ್ ಪವರ್ ಕಾಯುವ ಮೋಡ್‌ನಲ್ಲಿ. ಒಳಗೆ ಸಿಗ್ನಲ್ ಕಡಿಮೆ ಬಂದಷ್ಟೂ ಅದು ಗೇನ್ ಏರಿಸಿ ಲೆಕ್ಕ ಸರಿ ಮಾಡ್ತಿತ್ತು, ಎಎಸ್‌ಇ ಸೇರಿಸಿ. ಮೀಟರಿಗೆ ಸಿಗ್ನಲ್ ಯಾವುದು, ನಾಯ್ಸ್ ಯಾವುದು ಏನು ಗೊತ್ತು? ಕೊನೆಗೆ ಇನ್‌ಪುಟ್ ಕನೆಕ್ಟರ್ ಬಿಚ್ಚಿ ಅದರ ತುದೀನ ಮೈಕ್ರೋಸ್ಕೋಪ್‌ನಲ್ಲಿ ನೋಡಿದೆ. ನಟ್ಟನಡುವೆ ಒಂದು ದಾರದ ಎಳೆ. ಬಿಸಿಲಲ್ಲಿ ಅವಸರ ಮಾಡಿ ಅಂಗಿ ತುದಿಯಿಂದ ಒರೆಸಿದವನು ನಾನೇ. ಆಂಪ್ಲಿಫೈಯರ್‌ಗಿಂತ ಮೊದಲು ಕಳ್ಕೊಂಡ ಡಿಬಿ ಆಮೇಲೆ ಎಷ್ಟು ಹಿಗ್ಗಿಸಿದರೂ ವಾಪಸ್ ಬರಲ್ಲ ಕಣೋ.

ಅದಕ್ಕೆ ಹೊಸ ಬಾಕ್ಸಿಗೆ ಪತ್ರ ಬರೆಯೋ ಮುಂಚೆ ಕನೆಕ್ಟರೆಲ್ಲ ಸ್ವಚ್ಛ ಮಾಡು. ಸ್ಪೆಕ್ಟ್ರಮ್ ಅನಲೈಸರ್ ಸಿಕ್ಕರೆ ಒಂದು ಫೋಟೋ ಕಳಿಸು. ಸಿಗ್ನಲ್‌ನ ಗೂಟ ಎಎಸ್‌ಇ ನೆಲದಿಂದ ಎಷ್ಟು ಎತ್ತರ ಇದೆ ಅಂತ ಕೂತು ನೋಡೋಣ. ಭಾನುವಾರ ಬಂದರೆ ಇನ್ನೂ ಚೆನ್ನ, ನಿನ್ನ ಕಾಕಿ ಸಜ್ಜೆ ರೊಟ್ಟಿ ಬಡೀತಾಳೆ.

ನಿನ್ನ ಕಾಕಾ