ಕಥೆಯಲ್ಲಿರುವ ಸರ ಅತ್ತೆಯದಲ್ಲ

ಡೊಂಬಿವಲಿ
ಭಾನುವಾರ ರಾತ್ರಿ

ಆಯಿಗೆ, ಅಪ್ಪಯ್ಯನಿಗೆ ನಮಸ್ಕಾರ.

ನಾವೆಲ್ಲ ಆರಾಮ. ಅಡಕೆ ತೋಟಕ್ಕೆ ಎರಡನೇ ಮದ್ದು ಹೊಡೆಸಿ ಆಯಿತಾ? ಇಲ್ಲೂ ಮಳೆ ಬಿಟ್ಟಿಲ್ಲ.

ಆಯಿ, ನಿನ್ನ ಪತ್ರ ಗುರುವಾರ ಬಂತು. ಫೋನ್ ಮಾಡೋಣ ಅಂತ ಎರಡು ಸಲ ಕೈಗೆತ್ತಿಕೊಂಡೆ. ಅಪ್ಪಯ್ಯ ಸ್ಪೀಕರ್ ಹಾಕಿಸುತ್ತಾರೆ, ನೀನು ಅಳುತ್ತೀಯ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಮಾಸಿಕದಲ್ಲಿ ಬಂದ ನನ್ನ ಕಥೆಯಲ್ಲಿರುವ ಸರ ಶಿರಸಿ ಅತ್ತೆಯದಲ್ಲ. ಅತ್ತೆ ಮಾತು ಬಿಟ್ಟಿದ್ದಾಳೆ, ಹೊನ್ನಾವರದ ಸಂಬಂಧದ ಸುದ್ದಿಯನ್ನೇ ಎತ್ತುತ್ತಿಲ್ಲ ಅಂತ ಬರೆದಿದ್ದೀಯ. ನನ್ನ ಕಥೆಯಿಂದ ತಂಗಿಯ ಮದುವೆ ತಪ್ಪಿದರೆ ನಾನು ಊರಿಗೆ ಮುಖ ತೋರಿಸುವುದು ಹೇಗೆ? ಆದರೆ ಮಾಸಿಕವನ್ನು ಹೆಮ್ಮೆಯಿಂದ ಶಿರಸಿಗೆ ಒಯ್ದವಳು ನೀನೇ, ಅಲ್ವಾ?

ಆ ಕಥೆ ಹುಟ್ಟಿದ್ದು 8.04ರ ಲೋಕಲ್‌ನಲ್ಲಿ, ಹೆಂಗಸರ ಡಬ್ಬಿಯಲ್ಲಿ. ಮೂವರ ಸೀಟಿನ ತುದಿಗೆ ನಾಲ್ಕನೆಯವಳಾಗಿ ಅರ್ಧ ಕೂರುವುದಕ್ಕೂ ಇಲ್ಲಿ ಒಂದು ಹೆಸರಿದೆ, ಫೋರ್ತ್ ಸೀಟ್. ಅದೂ ಸಿಕ್ಕರೆ ಪುಣ್ಯ. ಸಂಜೆ ಬರುವಾಗ ಅಲ್ಲೇ ಬಟಾಣಿ ಸುಲಿಯುತ್ತಾರೆ, ಮೆಂತ್ಯ ಸೊಪ್ಪು ಸೋಸುತ್ತಾರೆ. ಗಾಡಿ ಥಾಣೆ ದಾಟುವಷ್ಟರಲ್ಲಿ ಪಲ್ಯಕ್ಕೆ ತಯಾರು. ನಗಬೇಡ, ನಮ್ಮೂರ ಬಸ್ಸಿನಲ್ಲಿ ಇಷ್ಟು ಅಚ್ಚುಕಟ್ಟಿಲ್ಲ.

ಗಾಡಿ ಬಂತು ಅಂದರೆ ಎಲ್ಲರ ಕೈಯೂ ಕುತ್ತಿಗೆಗೆ ಹೋಗುತ್ತದೆ, ಸರ ಒಳಗೆ ಸೇರಿಸಲು. ಒಬ್ಬಳು ದಿನವೂ ಹಾಗೆ ಮಾಡುತ್ತಿದ್ದಳು. ಒಂದು ದಿನ ನೂಕಾಟದಲ್ಲಿ ಸೆರಗು ಸರಿಯಿತು. ಸರವೇ ಇರಲಿಲ್ಲ. ಬರೀ ಅರಿಶಿನದ ದಾರ. ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೇಳದೆ ಬಿಟ್ಟಿದ್ದಕ್ಕೆ ಹನ್ನೊಂದು ಪುಟ ಆಯಿತು.

ಆದರೆ ಅವಳ ಮನೆ ನನಗೆ ಗೊತ್ತಿಲ್ಲ. ಯಾವ ಡಬ್ಬಿಯಲ್ಲಿ ಏನಿದೆ ಅಂತ ಗೊತ್ತಿಲ್ಲದ ಅಡುಗೆಮನೆಯಲ್ಲಿ ಒಬ್ಬಳನ್ನು ಹೇಗೆ ಓಡಾಡಿಸಲಿ? ಮೂರು ಸಲ ಬರೆದು ಹರಿದೆ. ಕೊನೆಗೆ ಅವಳನ್ನು ಅತ್ತೆಯ ಮನೆಗೆ ಕರೆದುಕೊಂಡು ಹೋದೆ. ಬಚ್ಚಲ ಒಲೆ, ಮೆತ್ತಿನ ಏಣಿ, ಅಡಕೆ ಸುಲಿಯುವ ಮೆಟ್ಟುಗತ್ತಿ. ಅಲ್ಲಿ ಕಾಲಿಟ್ಟ ಮೇಲೆ ಅವಳು ತಾನಾಗಿಯೇ ನಡೆದಳು. ಮನೆ ಅತ್ತೆಯದು, ಒಪ್ಪಿದೆ. ಅಣ್ಣನ ಕಷ್ಟಕ್ಕೆ ಸರ ಸೊಸೈಟಿಯಲ್ಲಿ ಅಡವಿಟ್ಟಿದ್ದು, ಗಂಡನಿಗೆ ಹೇಳದೇ ಇದ್ದದ್ದು, ಅದೆಲ್ಲ ರಾತ್ರಿ ಹನ್ನೊಂದರ ಮೇಲೆ ಕೂತು ನಾನು ಕಟ್ಟಿದ್ದು. ದೇವರಾಣೆಗೂ ಕಟ್ಟಿದ್ದು.

ಈಗ ನಿನ್ನ ಪತ್ರದ ಒಂದು ಸಾಲು. ‘ಆ ವಿಷಯ ಇವಳಿಗೆ ಯಾರು ಹೇಳಿದರು ಅಂತ ಅತ್ತೆ ಕೇಳುತ್ತಿದ್ದಾಳೆ.’ ನಾಲ್ಕು ಸಲ ಓದಿದೆ. ಯಾರೂ ಹೇಳಿಲ್ಲ ಆಯಿ. ಆದರೆ ಯಾವ ವಿಷಯ?

ಅಡಕೆಗೆ ಕೊಳೆರೋಗ ಬಂದು ಕಾಯೆಲ್ಲ ಉದುರಿದ ವರ್ಷ ನನ್ನ ಬಿ.ಕಾಂ. ಫೀಸು ಕೊನೇ ದಿನ ಕಟ್ಟಿದ್ದು ನೆನಪಿದೆ. ಅಪ್ಪಯ್ಯ ರಾತ್ರಿ ಬಸ್ಸಿಗೆ ಧಾರವಾಡಕ್ಕೆ ಬಂದು ಕಚೇರಿಯ ಕಿಟಕಿಯಲ್ಲಿ ನೋಟು ಎಣಿಸಿ ಕೊಟ್ಟರು. ಎಂಜಲು ಹಚ್ಚಿ ಎರಡು ಸಲ ಎಣಿಸಿದರು. ಎಲ್ಲಿಂದ ತಂದಿರಿ ಅಂತ ನಾನು ಕೇಳಲಿಲ್ಲ. ಆಗಲೂ ಕೇಳಲಿಲ್ಲ ನೋಡು.

ಅಜ್ಜಿ ಹೇಳುತ್ತಿದ್ದ ಕಥೆ ನೆನಪಾಯಿತು. ಒಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳುತ್ತಿರಲಿಲ್ಲ. ಒಳಗೇ ಉಸಿರು ಕಟ್ಟಿದ ಅವು, ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬಂದವು. ಕಥೆ ಬಾಗಿಲಲ್ಲಿ ಚಪ್ಪಲಿ ಜೋಡಾಗಿ ಕೂತಿತು, ಹಾಡು ಗೂಟದಲ್ಲಿ ಅಂಗಿಯಾಗಿ ತೂಗಿತು. ಗಂಡ ಬಂದು ಯಾರದಿದು ಅಂತ ಜಗಳ ತೆಗೆದು, ಕಂಬಳಿ ಹೊದ್ದು ಹನುಮಂತನ ಗುಡಿಯಲ್ಲಿ ಮಲಗಿದ. ಊರ ದೀಪಗಳೆಲ್ಲ ರಾತ್ರಿ ಅಲ್ಲಿಗೆ ಬಂದು ಹರಟುವಾಗ ನಿಜ ತಿಳಿಯಿತು. ಎ.ಕೆ. ರಾಮಾನುಜನ್ ಸಂಗ್ರಹದಲ್ಲೂ ಇದಿದೆ. ಬೆಳಿಗ್ಗೆ ಗಂಡ ಕೇಳಿದರೆ ಅವಳಿಗೆ ಕಥೆಯೂ ಇಲ್ಲ, ಹಾಡೂ ಇಲ್ಲ, ಎರಡೂ ಮರೆತುಹೋಗಿತ್ತು. ಅತ್ತೆಯ ಜೋಡು ನನ್ನ ಬಾಗಿಲಲ್ಲಿ ಹೇಗೆ ಬಂದು ಕೂತಿತೋ.

ಬರೆಯುವುದು ಕೆಲಸ ಇಲ್ಲದವರ ಕೆಲಸ ಅಂತ ಅಪ್ಪಯ್ಯ ಅಂದರಂತೆ. ಯಶವಂತ ಚಿತ್ತಾಲರು ನಮ್ಮ ಜಿಲ್ಲೆಯವರೇ, ಹನೇಹಳ್ಳಿಯವರು. ಇದೇ ಮುಂಬಯಿಯಲ್ಲಿ ಕಂಪನಿ ಕೆಲಸ ಮಾಡುತ್ತಲೇ 1979ರಲ್ಲಿ ‘ಶಿಕಾರಿ’ ಕಾದಂಬರಿ ತಂದರು. ಅವರ ಸಮಕ್ಕೆ ನಾನಲ್ಲ, ಗೊತ್ತು. ಸುಮ್ನೆ ಹೇಳಿದೆ. ಅವರೂ ಮುಂಬಯಿಯಲ್ಲಿ ಕೂತು ಹನೇಹಳ್ಳಿಯನ್ನೇ ಬರೆದರಲ್ಲ, ಅಲ್ಲಿಯ ಅತ್ತೆಯರೂ ಸಿಟ್ಟಾದರೇನೋ ಅಂತ ಈಗ ಯೋಚನೆ ಬರುತ್ತದೆ.

ನೀನು ಚಿಂತೆ ಮಾಡಬೇಡ. ಕೆಲಸಕ್ಕೆ ತೊಂದರೆ ಇಲ್ಲ. ಬರೆಯುವುದು ಮನೆಯವರೆಲ್ಲ ಮಲಗಿದ ಮೇಲೆಯೇ. ನಿದ್ದೆ ಬೇಕಾದಷ್ಟಾಗುತ್ತದೆ. ಊಟ ಜಾಸ್ತಿಯೇ ಆಗುತ್ತಿದೆ. ಕೆಮ್ಮು ಕಡಿಮೆ, ಅದು ಕೆಮ್ಮೇ ಅಲ್ಲ. ಮುಂದಿನ ಕಥೆಯಲ್ಲಿ ಊರೂ ಇಲ್ಲ, ಹೆಂಗಸರೂ ಇಲ್ಲ, ಬೇಕಾದರೆ ಒಂದು ಬೆಕ್ಕಿನ ಕಥೆ ಬರೆಯುತ್ತೇನೆ.

ಅತ್ತೆಗೆ ಬೇರೆ ಚೀಟಿ ಬರೆದು ಇದರೊಳಗೇ ಇಟ್ಟಿದ್ದೇನೆ. ನೀನು ಒಡೆಯಬೇಡ, ಅಪ್ಪಯ್ಯನ ಕೈಗಂತೂ ಕೊಡಲೇಬೇಡ. ಹೊನ್ನಾವರದವರಿಗೆ ಹದಿನೈದು ದಿನ ತಡೆಯಿರಿ ಅನ್ನಿ.

ನಲ್ಲಿಗೆ ನೀರು ಬಂತು, ಹಿಡಿಯಬೇಕು. ಉಳಿದದ್ದು ಆಮೇಲೆ.

ನಿನ್ನ ಮಗಳು

ತಾ.ಕ.: ಅತ್ತೆ ಆ ಸರ ಬಿಡಿಸಿಕೊಂಡಳಾ? ಎಷ್ಟಕ್ಕೆ ಇಟ್ಟಿದ್ದಳು? ಫೋನಿನಲ್ಲಿ ಬೇಡ, ಬರೆದು ತಿಳಿಸು.